ಅಕ್ಷರಸರಣಿಯೂ ದತ್ತವಸ್ತುವೂ: ಎಡಿಟರುಗಳ ಉತ್ತರಕ್ರಮದ ಒಂದು ವಿಮರ್ಶೆ

೧

ಸಂಪಾದನೆ ಎಂಬ ಮಾತನ್ನು ಕೇಳಿದೊಡನೆ ನಮ್ಮ ಓದುಗರ ಮನಸ್ಸಿಗೆ ಓಲೆಯ ಪ್ರತಿಗಳೂ ಪಾಠಾಂತರಗಳೂ ಬರುವುದು ಸಹಜ. ಆದರೆ ಇಂದು ಆ ಕೆಲಸದ ಬಹುಭಾಗವು ಕಂಪ್ಯೂಟರಿನ ಪಠ್ಯಸಂಪಾದಕ ತಂತ್ರಾಂಶದಲ್ಲಿ, ಎಂದರೆ ಎಡಿಟರಿನಲ್ಲಿ, ನಡೆಯುತ್ತಿದೆ. ಪ್ರತಿಯನ್ನು ಅಚ್ಚುಮಾಡುವುದು, ಪಾಠಗಳನ್ನು ಹೋಲಿಸುವುದು, ಪದಸೂಚಿಯನ್ನು ಕಟ್ಟುವುದು ಇವೆಲ್ಲವೂ ಅದರ ಮೂಲಕವೇ ಸಾಗುತ್ತವೆ. ಹೀಗಿರುವಲ್ಲಿ ಆ ಉಪಕರಣದ ಗುಣದೋಷಗಳನ್ನು ವಿಚಾರಿಸುವುದು ವಿದ್ವಾಂಸರಿಗೆ ಹೊರತಾದ ವಿಷಯವೆಂದು ಭಾವಿಸಲಾಗದು. ಲೇಖನಿಯ ಮೊನೆಯನ್ನು ಪರೀಕ್ಷಿಸದೆ ಬರೆಯಲು ತೊಡಗುವ ಲಿಪಿಕಾರನಿಲ್ಲ.

ಎಡಿಟರನ್ನು ಕೈಯಿಂದ ನಡೆಸುವುದು ಒಂದು ಬಗೆ. ಅದಕ್ಕೆ ಸಣ್ಣ ಸಣ್ಣ ಕ್ರಮವಿಧಿಗಳನ್ನು ಬರೆದು ಅದರಿಂದ ಕೆಲಸ ಮಾಡಿಸುವುದು ಇನ್ನೊಂದು ಬಗೆ. ಎರಡನೆಯ ಬಗೆಯಲ್ಲಿ ನಾವು ಎಡಿಟರನ್ನು ಪ್ರಶ್ನೆ ಕೇಳುತ್ತೇವೆ: ತೆರೆದಿರುವ ಕಡತಗಳು ಯಾವುವು? ಈ ಕೀಲಿಗೆ ಯಾವ ಕೆಲಸವನ್ನು ಕಟ್ಟಿದೆ? ಕರ್ಸರ್ ಎಲ್ಲಿದೆ? ಇಂತಹ ಪ್ರಶ್ನೆಗೆ ಉತ್ತರ ಕೊಡುವ ಘಟಕಕ್ಕೆ ಫಂಕ್ಷನ್ ಎಂದು ಹೆಸರು. ಉತ್ತರವು ಎರಡು ರೂಪಗಳಲ್ಲಿ ಬರಬಹುದು. ಮೊದಲನೆಯದು ಸ್ಟ್ರಿಂಗ್, ಎಂದರೆ ಅಕ್ಷರಗಳ ಒಂದು ಸರಣಿ, ಮನುಷ್ಯನು ಕಣ್ಣಿನಿಂದ ಓದಿ ತಿಳಿಯಬಹುದಾದದ್ದು. ಎರಡನೆಯದು ಪ್ರಕಾರ ಗೊತ್ತಿರುವ ದತ್ತವಸ್ತು. ಎಂದರೆ ಇದು ಸಂಖ್ಯೆ, ಇದು ಪಟ್ಟಿ, ಇದು ಹೆಸರಿಟ್ಟ ಅಂಗಗಳುಳ್ಳ ಕೋಶ ಎಂದು ಯಂತ್ರಕ್ಕೇ ತಿಳಿದಿರುವ ವಸ್ತು. ಈ ಎರಡರ ತಾರತಮ್ಯವೇ ಪ್ರಸ್ತುತ ಲೇಖನದ ವಿಷಯ. ಉದಾಹರಣೆಗಳನ್ನು ಮುಖ್ಯವಾಗಿ ವಿಮ್ ಎಂಬ ಎಡಿಟರಿನಿಂದಲೂ, ಹೋಲಿಕೆಗಾಗಿ ಇಮ್ಯಾಕ್ಸ್‌ನಿಂದಲೂ ತೆಗೆದುಕೊಂಡಿದ್ದೇವೆ. ಮೊದಲನೆಯದರಲ್ಲಿ ಒಂದೇ ಪ್ರಶ್ನೆಗೆ ಎರಡು ಕಾಲಗಳ ಎರಡು ಉತ್ತರಗಳೂ ಇಂದಿಗೂ ಪಕ್ಕಪಕ್ಕದಲ್ಲಿ ಉಳಿದಿರುವುದರಿಂದ ವಿಮರ್ಶಕನಿಗೆ ಅದು ಪಾಠಾಂತರಗಳಿರುವ ಪ್ರತಿಯಂತೆ ಉಪಯುಕ್ತವಾಗಿದೆ.

೨

ಸ್ವಲ್ಪ ಇತಿಹಾಸವನ್ನು ಮೊದಲು ನೋಡಬೇಕು. ಬ್ರಾಮ್ ಮೋಲೆನಾರ್ ಅವರು ವಿಮ್ ಅನ್ನು ೧೯೯೧ರಲ್ಲಿ ಹೊರತಂದರು. ೧೯೯೮ರ ಐದನೆಯ ಆವೃತ್ತಿಯಲ್ಲಿ ಅದಕ್ಕೆ ಕ್ರಮವಿಧಿ ಬರೆಯುವ ಭಾಷೆಯೊಂದು ಕೂಡಿಕೊಂಡಿತು. ಆ ಭಾಷೆಯಲ್ಲಿ ಆಗ ಇದ್ದ ಪ್ರಕಾರಗಳು ಎರಡೇ: ಸಂಖ್ಯೆ ಮತ್ತು ಸ್ಟ್ರಿಂಗ್. ಪಟ್ಟಿಯಾಗಲಿ, ಹೆಸರುಳ್ಳ ಕೋಶವಾಗಲಿ ಬಂದದ್ದು ೨೦೦೬ರ ಏಳನೆಯ ಆವೃತ್ತಿಯಲ್ಲಿ. ಆದ್ದರಿಂದ ಹಳೆಯ ಫಂಕ್ಷನ್‌ಗಳು ಹಲವು ವಸ್ತುಗಳನ್ನು ಒಂದೇ ಉತ್ತರದಲ್ಲಿ ಕೊಡಬೇಕಾದಾಗ ಅವನ್ನು ಸ್ಟ್ರಿಂಗಿನೊಳಗೇ ತುಂಬಿ ಕೊಡದೆ ಗತಿಯಿರಲಿಲ್ಲ. ಇದು ಕರ್ತೃವಿನ ಅಲಕ್ಷ್ಯವಲ್ಲ, ಭಾಷೆಯ ಬಡತನ. ದೋಷವನ್ನು ಎಣಿಸುವ ಮೊದಲು ಈ ಭೇದವನ್ನು ಮನಸ್ಸಿನಲ್ಲಿಡುವುದು ನ್ಯಾಯ.

ಇದಕ್ಕಿಂತ ಹಿಂದಿನ ಕಾರಣವೊಂದೂ ಉಂಟು. ವಿಮ್‌ನ ಮೂಲವಾದ ವಿ, ಅದಕ್ಕೂ ಹಿಂದಿನ ಎಡ್ ಇವೆರಡೂ ಯುನಿಕ್ಸ್ ಮನೆತನದವು. ೧೯೭೩ರಲ್ಲಿ ಆ ವ್ಯವಸ್ಥೆಗೆ ಪೈಪ್ ಎಂಬ ಸಾಧನ ಸೇರಿತು. ಒಂದು ಆಜ್ಞೆಯ ಮುದ್ರಿತ ಫಲವನ್ನು ಇನ್ನೊಂದಕ್ಕೆ ನೇರವಾಗಿ ಉಣಿಸುವ ಪದ್ಧತಿ ಅಲ್ಲಿಂದ ಬೇರೂರಿತು. ಎಲ್ಲ ಉಪಕರಣಗಳೂ ಸಾಲುಸಾಲಾದ ಪಠ್ಯವನ್ನೇ ಆಡುಮಾತಾಗಿ ಒಪ್ಪಿಕೊಂಡವು. ಸ್ಟ್ರಿಂಗಿನ ಮೇಲಿನ ಒಲವು ಹೀಗೆ ಆ ಮನೆತನದ ಸಂಸ್ಕಾರವೇ ಆಗಿದೆ.

೩

ಈಗ ಲಕ್ಷ್ಯಗಳನ್ನು ಪರೀಕ್ಷಿಸೋಣ. ಒಂದು ಮಾದರಿಗೆ ಹೊಂದುವ ಕಡತಗಳ ಹೆಸರನ್ನು ಕೇಳುವ ಫಂಕ್ಷನ್ ಗ್ಲಾಬ್. ಅದು ಹಳೆಯ ರೀತಿಯಲ್ಲಿ ಎಲ್ಲ ಹೆಸರುಗಳನ್ನೂ ಒಂದೇ ಸ್ಟ್ರಿಂಗಿನಲ್ಲಿ, ನಡುನಡುವೆ ಹೊಸಸಾಲಿನ ಚಿಹ್ನೆಯನ್ನಿಟ್ಟು, ಕೊಡುತ್ತದೆ. ಆದರೆ ಯುನಿಕ್ಸ್‌ನಲ್ಲಿ ಕಡತದ ಹೆಸರಿನೊಳಗೇ ಹೊಸಸಾಲಿನ ಚಿಹ್ನೆ ಇರಲು ಅಡ್ಡಿಯಿಲ್ಲ. ಅಂತಹ ಹೆಸರೊಂದು ಬಂದರೆ ಒಂದು ಕಡತ ಎರಡಾಗಿ ಕಾಣುತ್ತದೆ. ಎರಡೂ ಇಲ್ಲದ ಕಡತಗಳು. ಇದನ್ನು ಕಂಡೇ, ಪಟ್ಟಿಯ ರೂಪದಲ್ಲಿ ಉತ್ತರ ಕೊಡು ಎಂದು ಹೇಳುವ ಹೆಚ್ಚಿನ ಸೂಚನೆಯೊಂದನ್ನು ಆ ಫಂಕ್ಷನ್‌ಗೆ ಮುಂದೆ ಸೇರಿಸಲಾಯಿತು. ಪಟ್ಟಿಯಲ್ಲಿ ಎಲ್ಲೆಯು ವಸ್ತುವಿನ ಹೊರಗಿದೆ. ಸ್ಟ್ರಿಂಗಿನಲ್ಲಿ ಎಲ್ಲೆಯು ವಸ್ತುವಿನ ಅಂಶವಾಗಿ ಬೆರೆತಿದೆ. ಭೇದದ ಮರ್ಮ ಇಷ್ಟೇ.

ಓಲೆಯ ಪ್ರತಿಯನ್ನು ಓದಿದವರಿಗೆ ಈ ತೊಡಕು ಹೊಸದಲ್ಲ. ಅಲ್ಲಿ ಪದಪದಗಳ ನಡುವೆ ಎಡೆಯಿಲ್ಲ. ಎಕಾರ ಒಕಾರಗಳ ಹ್ರಸ್ವದೀರ್ಘಭೇದವೂ ಸಾಮಾನ್ಯವಾಗಿ ಬರವಣಿಗೆಯಲ್ಲಿ ಕಾಣುವುದಿಲ್ಲ. ಬರೆದವನಿಗೆ ಪದವಿಭಾಗ ತಿಳಿದಿತ್ತು. ಬರಹ ಮಾತ್ರ ಅದನ್ನು ಹೊತ್ತು ತರಲಿಲ್ಲ. ಓದುಗನು ಛಂದಸ್ಸು ವ್ಯಾಕರಣಗಳ ಬಲದಿಂದ ಅದನ್ನು ಮರಳಿ ಊಹಿಸಬೇಕು. ಒಳ್ಳೆಯ ವಿದ್ವಾಂಸನು ಸಾಮಾನ್ಯವಾಗಿ ಸರಿಯಾಗಿಯೇ ಊಹಿಸುತ್ತಾನೆ. ಆದರೆ ಯಂತ್ರಕ್ಕೆ ಛಂದಸ್ಸಿನ ಕಿವಿಯಿಲ್ಲ. ಅದು ಹೇಳಿದಲ್ಲಿ ಕತ್ತರಿಸುತ್ತದೆ, ತಪ್ಪಾದರೆ ಅನುಮಾನಿಸುವುದೂ ಇಲ್ಲ.

ಎರಡನೆಯ ಲಕ್ಷ್ಯ ಇನ್ನೂ ಸೂಕ್ಷ್ಮ. ಒಂದು ಕೀಲಿಗೆ ಕಟ್ಟಿದ ಕೆಲಸವನ್ನು ತಿಳಿಸುವ ಫಂಕ್ಷನ್ ಮ್ಯಾಪ್‌ಆರ್ಗ್. ಸುಮ್ಮನೆ ಕೇಳಿದರೆ ಅದು ಆ ಕೆಲಸದ ಪಠ್ಯವನ್ನು ಸ್ಟ್ರಿಂಗಾಗಿ ಕೊಡುತ್ತದೆ. ಈಗ ನಾವು ಆ ಕೀಲಿಯನ್ನು ತಾತ್ಕಾಲಿಕವಾಗಿ ಬೇರೆ ಕೆಲಸಕ್ಕೆ ಬಳಸಿ, ಅನಂತರ ಮೊದಲಿನಂತೆ ಇಡಬೇಕೆಂದು ಭಾವಿಸೋಣ. ಸ್ಟ್ರಿಂಗಿನಿಂದ ಅದು ಸಾಧ್ಯವಿಲ್ಲ. ಆ ಕಟ್ಟು ಮೌನವಾಗಿ ನಡೆಯತಕ್ಕದ್ದೇ, ಒಂದು ಕಡತಕ್ಕೆ ಮಾತ್ರ ಸೀಮಿತವೇ, ಅದರ ಬಲಭಾಗವನ್ನು ಮತ್ತೆ ಇತರ ಕಟ್ಟುಗಳಿಗೆ ಒಳಪಡಿಸಬೇಕೇ ಎಂಬ ಯಾವ ಸಂಗತಿಯೂ ಅದರಲ್ಲಿಲ್ಲ. ಅದೇ ಫಂಕ್ಷನ್ನನ್ನು ಕೋಶರೂಪದ ಉತ್ತರಕ್ಕಾಗಿ ಕೇಳಿದರೆ ಇವೆಲ್ಲವೂ ಹೆಸರುಹೆಸರಾಗಿ ಬರುತ್ತವೆ. ೨೦೧೯ರಲ್ಲಿ ಬಂದ ೮.೨ನೆಯ ಆವೃತ್ತಿಯ ಮುಂದಿನ ತಿದ್ದುಪಡಿಗಳಲ್ಲಿ ಸೇರಿದ ಮ್ಯಾಪ್‌ಸೆಟ್ ಎಂಬ ಫಂಕ್ಷನ್ ಆ ಕೋಶವನ್ನು ಹಾಗೆಯೇ ತೆಗೆದುಕೊಂಡು ಕಟ್ಟನ್ನು ಪುನಃಸ್ಥಾಪಿಸುತ್ತದೆ.

ರೆಜಿಸ್ಟರುಗಳ ವಿಷಯವೂ ಇಂತಹದೇ. ಕತ್ತರಿಸಿದ ಪಠ್ಯವನ್ನು ವಿಮ್ ರೆಜಿಸ್ಟರಿನಲ್ಲಿ ಇಡುತ್ತದೆ. ಅದನ್ನು ಅಕ್ಷರಶಃ ಕತ್ತರಿಸಿರಬಹುದು, ಪೂರ್ಣ ಸಾಲುಗಳಾಗಿ ಕತ್ತರಿಸಿರಬಹುದು, ಅಥವಾ ಚೌಕವಾಗಿ ಕತ್ತರಿಸಿರಬಹುದು. ಗೆಟ್‌ರೆಗ್ ಕೊಡುವ ಸ್ಟ್ರಿಂಗಿನಲ್ಲಿ ಚೌಕದ ತುಂಡೂ ಹಲವು ಸಾಲಿನ ಸಾಮಾನ್ಯ ತುಂಡೂ ಒಂದೇ ತೆರನಾಗಿ ಕಾಣುತ್ತವೆ. ಜಾತಿಯನ್ನು ಬೇರೊಂದು ಫಂಕ್ಷನ್‌ನಿಂದ ಕೇಳಿ ಜೋಡಿಸಿಕೊಳ್ಳಬೇಕು. ಪಠ್ಯದಲ್ಲಿ ಶೂನ್ಯ ಬೈಟ್ ಇದ್ದರೆ ಅದೂ ಹೊಸಸಾಲಿನ ಚಿಹ್ನೆಯಾಗಿಯೇ ತೋರುತ್ತದೆ. ಗೆಟ್‌ರೆಗ್‌ಇನ್ಫೋ ಎಂಬ ಹೊಸ ಫಂಕ್ಷನ್ ಸಾಲುಗಳ ಪಟ್ಟಿಯನ್ನೂ ಜಾತಿಯನ್ನೂ ಒಂದೇ ಕೋಶದಲ್ಲಿ ಕೊಡುತ್ತದೆ. ಆ ಕೋಶವನ್ನು ಮರಳಿ ಒಪ್ಪಿಸಿದರೆ ರೆಜಿಸ್ಟರು ಮೊದಲಿನ ಸ್ಥಿತಿಗೆ ಬರುತ್ತದೆ.

ಸ್ಟ್ರಿಂಗಿನ ಅವಲಂಬನೆಯ ಪರಾಕಾಷ್ಠೆಯನ್ನು ಕಾಣಬೇಕಾದರೆ ಎಕ್ಸಿಕ್ಯೂಟ್ ಎಂಬ ಫಂಕ್ಷನ್ನನ್ನು ನೋಡಬೇಕು. ಅದು ಯಾವುದೇ ಆಜ್ಞೆ ತೆರೆಯ ಮೇಲೆ ಮುದ್ರಿಸುವುದನ್ನು ಹಿಡಿದು ಸ್ಟ್ರಿಂಗಾಗಿ ಕೊಡುತ್ತದೆ. ತೆರೆದ ಕಡತಗಳ ಪಟ್ಟಿಯನ್ನು ತೋರಿಸುವ ಆಜ್ಞೆಯ ಮುದ್ರಣವನ್ನು ಹೀಗೆ ಹಿಡಿದು, ಅದರೊಳಗಿನ ಶೇಕಡಾ ಚಿಹ್ನೆ, ಕೂಡುಚಿಹ್ನೆ, ಉದ್ಧರಣಚಿಹ್ನೆಗಳನ್ನು ಹುಡುಕಿ ಅರ್ಥಮಾಡುವ ಕ್ರಮವಿಧಿಗಳು ಬಹುಕಾಲ ರೂಢಿಯಲ್ಲಿದ್ದವು. ಆ ಮುದ್ರಣವು ಮನುಷ್ಯನ ಕಣ್ಣಿಗಾಗಿ ಮಾಡಿದ್ದು. ಬಳಕೆದಾರನು ಎಡಿಟರಿನ ಸೂಚನಾಭಾಷೆಯನ್ನು ಬದಲಿಸಿದರೆ ಅದರಲ್ಲಿನ ಮಾತುಗಳೂ ಬದಲಾಗುತ್ತವೆ. ಒಂದು ಭಾಷೆಯವರ ಯಂತ್ರದಲ್ಲಿ ಸರಿಯಾಗಿ ನಡೆದ ಕ್ರಮವಿಧಿ ಇನ್ನೊಂದು ಭಾಷೆಯವರ ಯಂತ್ರದಲ್ಲಿ ಎಡವುತ್ತದೆ. ೨೦೧೬ರ ಎಂಟನೆಯ ಆವೃತ್ತಿಯಲ್ಲಿ ಗೆಟ್‌ಬಫ್‌ಇನ್ಫೋ ಬಂದು ಪ್ರತಿಯೊಂದು ಕಡತಕ್ಕೂ ಹೆಸರು, ಕ್ರಮಾಂಕ, ಬದಲಾಗಿದೆಯೋ ಇಲ್ಲವೋ ಎಂಬ ಸಂಗತಿ ಇವುಗಳುಳ್ಳ ಕೋಶವನ್ನು ಕೊಡತೊಡಗಿದ ಮೇಲೆ ಈ ಪರದಾಟ ತಪ್ಪಿತು.

೪

ನಮ್ಮ ಅನುಭವವೊಂದನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗದು. ಹಿಂದೊಮ್ಮೆ ಒಂದು ಗದ್ಯಗ್ರಂಥದ ಪದಸೂಚಿಯನ್ನು ತಯಾರಿಸುವಾಗ ನಾವು ಪ್ರತಿಯೊಂದು ಪದದ ನೆಲೆಯನ್ನು ಕಡತದ ಹೆಸರು, ಸಾಲಿನ ಸಂಖ್ಯೆ, ಪದ ಎಂಬ ಮೂರು ಅಂಶಗಳ ನಡುವೆ ಎರಡು ಚುಕ್ಕೆಗಳ ಚಿಹ್ನೆಯನ್ನಿಟ್ಟು ಒಂದೊಂದು ಸ್ಟ್ರಿಂಗಾಗಿ ಬರೆದಿಟ್ಟೆವು. ಹುಡುಕುವ ಆಜ್ಞೆಗಳ ಫಲ ಅದೇ ರೂಪದಲ್ಲಿ ಬರುತ್ತಿದ್ದುದರಿಂದ ಅದು ಅನುಕೂಲವೆಂದು ತೋರಿತು. ಪಠ್ಯವನ್ನು ಅಚ್ಚುಮಾಡಿದವರು ವಿಸರ್ಗಕ್ಕೆ ಬದಲಾಗಿ ಅದೇ ಎರಡು ಚುಕ್ಕೆಗಳ ವಿರಾಮಚಿಹ್ನೆಯನ್ನು ಬಳಸಿದ್ದರೆಂಬುದು ನಮ್ಮ ಗಮನಕ್ಕೆ ಬಂದಿರಲಿಲ್ಲ. ಕನ್ನಡವನ್ನು ಅಚ್ಚುಮಾಡುವವರಲ್ಲಿ ಈ ರೂಢಿ ಎಷ್ಟು ವ್ಯಾಪಕವೆಂಬುದನ್ನು ಓದುಗರು ಬಲ್ಲರು. ಪರಿಣಾಮವಾಗಿ ‘ದು:ಖ’ ಎಂಬುದು ಸೂಚಿಯಲ್ಲಿ ‘ದು’ ಎಂದಾಯಿತು. ‘ಅಂತ:ಪುರ’ ಎಂಬುದು ‘ಅಂತ’ ಎಂದಾಯಿತು. ಉಳಿದ ಭಾಗ ನಾಲ್ಕನೆಯ ತುಂಡಾಗಿ ಬಿದ್ದುಹೋಯಿತು. ಯಂತ್ರವು ಯಾವ ದೋಷವನ್ನೂ ಸೂಚಿಸಲಿಲ್ಲ. ಕರಡನ್ನು ತಿದ್ದುವಾಗ, ದುಃಖವೇ ಇಲ್ಲದ ಗ್ರಂಥವೆಂದು ಒಬ್ಬ ವಿದ್ಯಾರ್ಥಿ ನಗೆಯಾಡಿದ ಮೇಲೆ ತಪ್ಪು ಹೊರಬಿದ್ದಿತು.

ಅಚ್ಚುಮಾಡಿದವರನ್ನು ದೂರುವುದು ಸುಲಭ. ಆದರೆ ತಪ್ಪು ನಮ್ಮದೇ. ಪಠ್ಯದಲ್ಲಿ ಬರಬಹುದಾದ ಅಕ್ಷರವನ್ನೇ ಎಲ್ಲೆಗಲ್ಲಾಗಿ ನೆಟ್ಟವರು ನಾವು. ವಿಮ್‌ನಲ್ಲಿಯೇ ಇದಕ್ಕೆ ಪರಿಹಾರವಿತ್ತು. ಹುಡುಕಾಟದ ಫಲವನ್ನು ಅದು ಕ್ವಿಕ್‌ಫಿಕ್ಸ್ ಎಂಬ ಪಟ್ಟಿಯಲ್ಲಿ ಇಡುತ್ತದೆ. ಆ ಪಟ್ಟಿಯನ್ನು ಕೇಳಿದರೆ ಕಡತ, ಸಾಲು, ಅಂಕಣ, ಪಠ್ಯ ಇವು ಬೇರೆಬೇರೆ ಅಂಗಗಳಾಗಿರುವ ಕೋಶಗಳು ಬರುತ್ತವೆ. ಹೊರಗಿನ ಆಜ್ಞೆಯ ಫಲವನ್ನು ಒಡೆಯುವ ಸಂದರ್ಭದಲ್ಲಿ ಊಹೆ ಒಮ್ಮೆ ಅನಿವಾರ್ಯ. ಆದರೆ ಅದು ಬಾಗಿಲಲ್ಲಿ ಒಮ್ಮೆ ಮಾತ್ರ ನಡೆಯುತ್ತದೆ, ಮನೆಯ ಪ್ರತಿಯೊಂದು ಕೋಣೆಯಲ್ಲಿಯೂ ಅಲ್ಲ. ವಿಮ್‌ನ ಸ್ವಂತ ಹುಡುಕಾಟವನ್ನು ಬಳಸಿದ್ದರೆ ಆ ಒಂದು ಊಹೆಯೂ ಬೇಕಾಗುತ್ತಿರಲಿಲ್ಲ.

ನಮ್ಮ ಸೂಚಿಯಲ್ಲಿ ಎರಡನೆಯ ಕೊರತೆಯೂ ಇತ್ತು. ಮಧ್ಯದಲ್ಲಿ ಬಿಟ್ಟುಹೋಗಿದ್ದ ಒಂದು ಸಾಲನ್ನು ಪಠ್ಯಕ್ಕೆ ಸೇರಿಸಿದೊಡನೆ ಅದರ ಕೆಳಗಿನ ಎಲ್ಲ ನೆಲೆಗಳೂ ಒಂದೊಂದರಷ್ಟು ಹುಸಿಯಾದವು. ಸ್ಟ್ರಿಂಗಿನೊಳಗಿನ ಸಂಖ್ಯೆ ಬರೆದ ಕ್ಷಣದ ಸತ್ಯವನ್ನು ಮಾತ್ರ ಹೇಳುತ್ತದೆ. ಇಮ್ಯಾಕ್ಸ್ ಈ ವಿಷಯದಲ್ಲಿ ಬಹು ಹಿಂದಿನಿಂದಲೇ ವಿವೇಕವನ್ನು ತೋರಿದೆ. ಅಲ್ಲಿ ಕರ್ಸರಿನ ನೆಲೆಯನ್ನು ಬರಿಯ ಸಂಖ್ಯೆಯಾಗಿಯೂ ಕೇಳಬಹುದು, ಮಾರ್ಕರ್ ಎಂಬ ವಸ್ತುವಾಗಿಯೂ ಕೇಳಬಹುದು. ಮಾರ್ಕರಿನ ಹಿಂದೆ ಪಠ್ಯವನ್ನು ಸೇರಿಸಿದರೆ ಅದೂ ಮುಂದೆ ಸರಿಯುತ್ತದೆ. ಸಂಖ್ಯೆ ಇದ್ದಲ್ಲಿಯೇ ಇದ್ದು ಸುಳ್ಳಾಗುತ್ತದೆ. ಹಾಗೆಯೇ ತೆರೆದ ಪಠ್ಯಕ್ಕೆ ಹೆಸರು ಬೇರೆ, ವಸ್ತು ಬೇರೆ. ಹೆಸರನ್ನು ಬದಲಿಸಿದರೂ ವಸ್ತುವಿನ ಮೂಲಕ ಹಿಡಿದವನ ಕೈಯಿಂದ ಪಠ್ಯ ಜಾರುವುದಿಲ್ಲ. ಅದನ್ನು ಮುಚ್ಚಿಬಿಟ್ಟಿದ್ದರೆ ವಸ್ತು ಈಗ ಜೀವಂತವೇ ಎಂದು ಕೇಳಿ ತಿಳಿಯಬಹುದು.

೫

ಇಷ್ಟನ್ನು ಕೇಳಿದವರು, ಹಾಗಾದರೆ ಸ್ಟ್ರಿಂಗು ಸರ್ವಥಾ ತ್ಯಾಜ್ಯವೆಂದು ತೀರ್ಮಾನಿಸಬಹುದು. ಅದು ದುಡುಕಾದೀತು. ಪೂರ್ವಪಕ್ಷದ ಬಲವನ್ನೂ ತೂಗಬೇಕು.

ಮೊದಲನೆಯದಾಗಿ, ಕೇಳಿದ್ದೇ ಪಠ್ಯವಾದರೆ ಸ್ಟ್ರಿಂಗೇ ಯುಕ್ತವಾದ ಪ್ರಕಾರ. ಹನ್ನೆರಡನೆಯ ಸಾಲಿನಲ್ಲಿ ಏನಿದೆ ಎಂದು ಗೆಟ್‌ಲೈನನ್ನು ಕೇಳಿದರೆ ಬರುವ ಸ್ಟ್ರಿಂಗು ಯಾವುದರ ವರ್ಣನೆಯೂ ಅಲ್ಲ. ಅದೇ ಆ ವಸ್ತು. ಆಕ್ಷೇಪವಿರುವುದು ಪಠ್ಯವಲ್ಲದ್ದನ್ನು ಪಠ್ಯದ ವೇಷದಲ್ಲಿ ಕಳುಹಿಸುವುದಕ್ಕೆ. ವಿಮ್‌ನಲ್ಲಿ ಒಂದು ಬಣ್ಣದ ವಿನ್ಯಾಸ ದಪ್ಪಕ್ಷರದ್ದೇ ಎಂದು ಕೇಳಿದರೆ ಹೌದು ಎಂಬುದಕ್ಕೆ ‘೧’ ಎಂಬ ಅಂಕೆಯ ಸ್ಟ್ರಿಂಗು ಬರುತ್ತದೆ. ಇಂತಹ ಕಡೆ ವೇಷ ನಿರರ್ಥಕ.

ಎರಡನೆಯದಾಗಿ, ಸ್ಟ್ರಿಂಗಿಗೆ ಎಲ್ಲ ಮನೆಗಳಲ್ಲಿಯೂ ಪ್ರವೇಶವುಂಟು. ಇಮ್ಯಾಕ್ಸ್‌ನ ಮಾರ್ಕರನ್ನು ಕಡತದಲ್ಲಿ ಬರೆದಿಟ್ಟು ನಾಳೆ ತೆರೆದು ಹಾಗೆಯೇ ಬಳಸಲಾಗದು. ಸ್ಟ್ರಿಂಗನ್ನು ಐವತ್ತು ವರ್ಷಗಳ ಅನಂತರವೂ ಓದಬಹುದು. ಎಡಿಟರಿನ ಕರ್ತೃಗಳು ಮುಂಗಾಣದ ಉಪಯೋಗಗಳಿಗೂ ಅದು ಒದಗುತ್ತದೆ. ಓದಿಕೊಂಡ ಕ್ರಮವಿಧಿಗಳ ಪಟ್ಟಿಯನ್ನು ಕೋಶರೂಪದಲ್ಲಿ ಕೊಡುವ ಫಂಕ್ಷನ್ ವಿಮ್‌ಗೆ ಬಹು ತಡವಾಗಿ ಬಂದಿತು; ಅದುವರೆಗೆ ಮುದ್ರಿತ ಪಟ್ಟಿಯನ್ನು ಹಿಡಿದು ಓದಿದವರ ಕೆಲಸವೇನೂ ನಿಲ್ಲಲಿಲ್ಲ. ಎಕ್ಸಿಕ್ಯೂಟನ್ನು ಪರಾಕಾಷ್ಠೆಯೆಂದು ಮೇಲೆ ಹಳಿದೆವು; ಬೇರೆ ದಾರಿಯಿಲ್ಲದವನಿಗೆ ಅದು ಊರುಗೋಲೆಂಬುದನ್ನೂ ಒಪ್ಪಬೇಕು.

ಮೂರನೆಯದಾಗಿ, ದತ್ತವಸ್ತುವೂ ನಿರ್ದೋಷಿಯಲ್ಲ. ೨೦೨೩ರ ಇಮ್ಯಾಕ್ಸ್ ೨೯ರಲ್ಲಿ ಟ್ರೀ-ಸಿಟ್ಟರ್ ಎಂಬ ಪದಾನ್ವಯದ ಸಾಧನ ಸೇರಿತು. ಅದರ ಫಂಕ್ಷನ್‌ಗಳು ಪಠ್ಯದ ರಚನಾವೃಕ್ಷದ ಗಂಟುಗಳನ್ನು ವಸ್ತುಗಳಾಗಿ ಕೊಡುತ್ತವೆ. ಪಠ್ಯವನ್ನು ತಿದ್ದಿದ ಮೇಲೆ ಹಳೆಯ ಗಂಟು ಕಾಲಬಾಹಿರವಾಗುತ್ತದೆ. ಆದರೆ ಅದನ್ನು ಬಳಸಹೋದವನಿಗೆ ದೋಷವನ್ನು ಸೂಚಿಸುವ ಸಾಮರ್ಥ್ಯ ಅದಕ್ಕುಂಟು. ನಮ್ಮ ಸೂಚಿಯ ಸ್ಟ್ರಿಂಗುಗಳಿಗೆ ಅದಿರಲಿಲ್ಲ. ೨೦೧೪ರಲ್ಲಿ ವಿಮ್‌ನಿಂದ ಕವಲೊಡೆದ ನಿಯೋವಿಮ್ ಹೊರಗಿನ ಕ್ರಮವಿಧಿಗಳಿಗೆ ಕಡತ, ಕಿಟಕಿ, ಪುಟ ಇವನ್ನು ಬೇರೆಬೇರೆ ಪ್ರಕಾರಗಳಾಗಿ ಕಳುಹಿಸುತ್ತದೆ. ಒಳಗಿನ ಲುವಾ ಭಾಷೆಯಲ್ಲಿ ಮಾತ್ರ ಅವೆಲ್ಲ ಬರಿಯ ಸಂಖ್ಯೆಗಳು. ಕಿಟಕಿಯ ಸಂಖ್ಯೆಯನ್ನು ಕಡತದ ಸಂಖ್ಯೆಯೆಂದು ಕೊಟ್ಟರೆ ಆ ಭಾಷೆ ತಡೆಯುವುದಿಲ್ಲ. ಸ್ಟ್ರಿಂಗಲ್ಲದ ಮಾತ್ರಕ್ಕೆ ಉತ್ತರವು ಅರ್ಥನಿಶ್ಚಯವುಳ್ಳದ್ದಾಗುವುದಿಲ್ಲವೆಂಬುದಕ್ಕೆ ಇದು ನಿದರ್ಶನ.

೬

ಈ ಕೊನೆಯ ಮಾತು ಕನ್ನಡಿಗರಿಗೆ ವಿಶೇಷವಾಗಿ ತಟ್ಟತಕ್ಕದ್ದು. ‘ಕನ್ನಡ’ ಎಂಬ ಪದದ ಉದ್ದವೆಷ್ಟು? ಶಾಲೆಯ ಮಗು ಮೂರಕ್ಷರ ಎನ್ನುತ್ತದೆ. ಯುನಿಕೋಡ್ ಕ್ರಮದಲ್ಲಿ ಕ, ನ, ವಿರಾಮ, ನ, ಡ ಎಂದು ಐದು ಸಂಕೇತಗಳು. ವಿರಾಮವನ್ನು ಹಿಂದಿನ ವ್ಯಂಜನದೊಡನೆ ಕೂಡಿಸಿ ಎಣಿಸಿದರೆ ನಾಲ್ಕು. ಯುಟಿಎಫ್-೮ರಲ್ಲಿ ಪ್ರತಿ ಸಂಕೇತಕ್ಕೆ ಮೂರು ಬೈಟಿನಂತೆ ಹದಿನೈದು. ಸಾಲಿನ ಆರಂಭದಲ್ಲಿ ಈ ಪದವಿದ್ದು ಕರ್ಸರು ‘ಡ’ದ ಮೇಲಿದ್ದರೆ, ವಿಮ್‌ನ ಕಾಲ್ ಎಂಬ ಫಂಕ್ಷನ್ ಬೈಟುಗಳನ್ನು ಒಂದರಿಂದ ಎಣಿಸಿ ೧೩ ಎನ್ನುತ್ತದೆ. ಎಡಿಟರುಗಳೂ ಭಾಷಾವಿಶ್ಲೇಷಕಗಳೂ ಮಾತಾಡಿಕೊಳ್ಳಲು ೨೦೧೬ರಲ್ಲಿ ಪ್ರಕಟವಾದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲಿನಲ್ಲಿ ಅದೇ ನೆಲೆ ೪. ಅದು ಯುಟಿಎಫ್-೧೬ರ ಘಟಕಗಳನ್ನು ಸೊನ್ನೆಯಿಂದ ಎಣಿಸುತ್ತದೆ.

ಗಮನಿಸತಕ್ಕ ಸಂಗತಿಯೆಂದರೆ, ಈ ಉತ್ತರಗಳಲ್ಲಿ ಯಾವುದೂ ಸ್ಟ್ರಿಂಗಲ್ಲ. ೧೩ ಒಂದು ಶುದ್ಧ ಸಂಖ್ಯೆ. ಪ್ರೋಟೋಕಾಲಿನ ಉತ್ತರವಂತೂ ಸಾಲು, ಅಕ್ಷರ ಎಂದು ಹೆಸರಿಟ್ಟ ಅಂಗಗಳುಳ್ಳ ಕೋಶ. ಆದರೂ ‘ಅಕ್ಷರ’ ಎಂಬ ಅರ್ಥದ ಹೆಸರಿನ ಕೆಳಗೆ ಇರುವುದು ನಮ್ಮ ವ್ಯಾಕರಣದ ಅಕ್ಷರವಲ್ಲ. ಇಂಗ್ಲಿಷಿನ ಸಾಮಾನ್ಯ ಪಠ್ಯದಲ್ಲಿ ಬೈಟು, ಸಂಕೇತ, ಅಕ್ಷರ ಮೂರೂ ಒಂದೇ ಎಣಿಕೆಗೆ ಬರುವುದರಿಂದ ಅಲ್ಲಿ ದೋಷ ಅಡಗಿರುತ್ತದೆ. ಕನ್ನಡದ ಮೊದಲ ಸಾಲಿನಲ್ಲಿಯೇ ಅದು ಬಯಲಾಗುತ್ತದೆ. ೨೦೨೨ರಲ್ಲಿ ಬಂದ ಆ ಪ್ರೋಟೋಕಾಲಿನ ೩.೧೭ನೆಯ ಆವೃತ್ತಿಯಲ್ಲಿ ಎಣಿಕೆಯ ಮಾನವನ್ನು ಎರಡು ಪಕ್ಷಗಳೂ ಮೊದಲೇ ಒಪ್ಪಿಕೊಳ್ಳಲು ಅವಕಾಶ ಮಾಡಿದ್ದು ಯೋಗ್ಯವಾದ ತಿದ್ದುಪಡಿ. ಮಾನವಿಲ್ಲದ ಸಂಖ್ಯೆ, ವಿಭಕ್ತಿಪ್ರತ್ಯಯವಿಲ್ಲದ ಪ್ರಕೃತಿಯಂತೆ. ಅದಕ್ಕೆ ವಾಕ್ಯದಲ್ಲಿ ನಿಲ್ಲುವ ಅರ್ಹತೆ ಬರುವುದಿಲ್ಲ.

೭

ಒಟ್ಟಿನಲ್ಲಿ ಉತ್ತರಕ್ರಮವನ್ನು ಮೂರು ಒರೆಗಲ್ಲುಗಳಲ್ಲಿ ಪರೀಕ್ಷಿಸಬಹುದೆಂದು ನಮಗೆ ತೋರುತ್ತದೆ. ಮೊದಲನೆಯದು ಎಲ್ಲೆ: ಉತ್ತರದ ಭಾಗಗಳನ್ನು ಊಹೆಯಿಲ್ಲದೆ ಬಿಡಿಸಲು ಸಾಧ್ಯವೇ? ಎರಡನೆಯದು ಪುನಃಸ್ಥಾಪನೆ: ಪಡೆದುದನ್ನು ಮರಳಿ ಕೊಟ್ಟರೆ ಮೊದಲಿನ ಸ್ಥಿತಿ ಬರುವುದೇ? ಮೂರನೆಯದು ಕಾಲ: ಪಠ್ಯ ಬದಲಾದ ಮೇಲೆ ಉತ್ತರವು ತಾನೂ ಬದಲಾಗುವುದೇ, ಅಥವಾ ತಾನು ಹಳತೆಂದು ಒಪ್ಪಿಕೊಳ್ಳುವುದೇ? ಗ್ಲಾಬ್‌ನ ಸ್ಟ್ರಿಂಗು ಮೊದಲನೆಯದರಲ್ಲಿ ಸೋಲುತ್ತದೆ, ಮ್ಯಾಪ್‌ಆರ್ಗ್‌ನದು ಎರಡನೆಯದರಲ್ಲಿ, ನಮ್ಮ ಪದಸೂಚಿ ಮೊದಲನೆಯದರಲ್ಲಿಯೂ ಮೂರನೆಯದರಲ್ಲಿಯೂ ಸೋತಿತು. ಇವುಗಳ ಜೊತೆಗೆ, ಸಂಖ್ಯೆಯಿದ್ದಲ್ಲಿ ಅದರ ಮಾನವೂ ತಿಳಿದಿರಬೇಕೆಂಬುದು ಕನ್ನಡದ ಅನುಭವದಿಂದ ಬಂದ ನಿಯಮ.

ವಿಮ್‌ನ ಇತಿಹಾಸವು ಇದೇ ದಿಕ್ಕಿನಲ್ಲಿ ನಡೆದಿರುವುದು ಸಂತೋಷದ ವಿಷಯ. ಹಳೆಯ ಭಾಷೆಯಲ್ಲಿ ಅಕ್ಷರಗಳನ್ನು ಸಂಖ್ಯೆಯೊಡನೆ ಕೂಡಿಸಿದರೆ ಅವು ಸದ್ದಿಲ್ಲದೆ ಸೊನ್ನೆಯಾಗುತ್ತಿದ್ದವು. ೨೦೨೨ರ ಒಂಬತ್ತನೆಯ ಆವೃತ್ತಿಯ ಹೊಸ ಭಾಷೆ ಪ್ರಕಾರಗಳನ್ನು ಘೋಷಿಸಲು ಅನುವುಮಾಡಿ ಅಂತಹ ಬೆರಕೆಯನ್ನು ದೋಷವೆಂದೇ ಎಣಿಸುತ್ತದೆ. ಮೋಲೆನಾರ್ ಅವರು ೨೦೨೩ರ ಆಗಸ್ಟಿನಲ್ಲಿ ತೀರಿಕೊಂಡರು. ಆದರೂ ಹಳೆಯ ಭಾಷೆಯನ್ನಾಗಲಿ ಹಳೆಯ ಫಂಕ್ಷನ್‌ಗಳನ್ನಾಗಲಿ ಅವರು ಕಿತ್ತೊಗೆಯಲಿಲ್ಲ; ಅವುಗಳ ಪಕ್ಕದಲ್ಲಿ ಹೊಸವನ್ನು ನಿಲ್ಲಿಸಿದರು. ಹಿಂದೆ ಬರೆದ ಕ್ರಮವಿಧಿಗಳನ್ನು ಅನಾಥಮಾಡಬಾರದೆಂಬ ಈ ನಿಲವು ಪಾಠಾಂತರವನ್ನು ಅಳಿಸದೆ ಅಡಿಯಲ್ಲಿ ಉಳಿಸುವ ಸಂಪಾದಕನ ನಿಲವೇ ಆಗಿದೆ.

ಪಠ್ಯಗಳೊಡನೆ ಕೆಲಸ ಮಾಡುವ ನಮ್ಮ ವಿದ್ಯಾರ್ಥಿಗಳಿಗೆ ಇದರಿಂದ ಸಿಗಬಹುದಾದ ಉಪದೇಶ ಸರಳವಾಗಿದೆ. ಉಪಕರಣವು ಉತ್ತರ ಕೊಟ್ಟಾಗ ಅದು ಓದುವುದಕ್ಕೋ ಬಳಸುವುದಕ್ಕೋ ಎಂದು ಮೊದಲು ಕೇಳಿಕೊಳ್ಳಬೇಕು. ಓದುವುದಕ್ಕಾದರೆ ಸ್ಟ್ರಿಂಗು ಸಾಕು. ಮುಂದಿನ ಕೆಲಸ ಅದರ ಮೇಲೆ ನಿಲ್ಲುವುದಾದರೆ ಸಾಧ್ಯವಿದ್ದಲ್ಲೆಲ್ಲ ವಸ್ತುವನ್ನೇ ಪಡೆಯಬೇಕು. ಸಾಧ್ಯವಿಲ್ಲದಿದ್ದರೆ ಒಮ್ಮೆ ಮಾತ್ರ ಒಡೆದು, ಒಡೆದ ಫಲವನ್ನು ಮೂಲದೊಡನೆ ತಾಳೆ ನೋಡಬೇಕು. ನಮ್ಮ ಪದಸೂಚಿಯನ್ನು ನಾವು ಎರಡನೆಯ ಸಲ ಹಾಗೆಯೇ ಕಟ್ಟಿದೆವು. ‘ದುಃಖ’ ಎಂಬ ಪದ ಈಗ ಅದರಲ್ಲಿ ತನ್ನ ಸ್ಥಾನದಲ್ಲಿದೆ.